ಗುಳ್ಗೆ ಮಾತ್ರೆಯಲ್ಲ

ಶ್ರೀರಂಗಪಟ್ಟಣದ ಆ ಪುಟ್ಟ ಕ್ಲಿನಿಕ್ಕಿನ ಕೋಣೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಸ್ಟೂಲಿನ ಮೇಲೆ ನಮ್ಮ ದೊಡ್ಡಪ್ಪ, ಅವರ ಬೆನ್ನಿಗೇ ಅಂಟಿಕೊಂಡಂತೆ ನಿಂತ ದೊಡ್ಡಮ್ಮ, ಹಳೆಯ ಚೀಟಿಗಳ ಕವರು ಹಿಡಿದು ಬಾಗಿಲ ಬಳಿ ನಾನು, ಮೇಜಿನಾಚೆ ಡಾಕ್ಟರಮ್ಮ. ಹೆದ್ದಾರಿಯ ಹಾರನ್ ಸದ್ದು ಕಿಟಕಿಯಿಂದ ಬರುತ್ತಿತ್ತು. ಅದು ನಿಂತಾಗೆಲ್ಲ ದೊಡ್ಡಪ್ಪನ ಎದೆಯ ಕುಯ್ ಕುಯ್ ಕೇಳುತ್ತಿತ್ತು.

ದೊಡ್ಡಪ್ಪ ಯಾರು ಅಂದರೆ, ನಮ್ಮ ಚಿನಕುರಳಿ ಕಡೆಯ ಆಲೆಮನೆಯಲ್ಲಿ ಪಾಕ ನೋಡುವವರು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಕುದಿದು ಯಾವ ಗಳಿಗೆಯಲ್ಲಿ ಬೆಲ್ಲವಾಗುತ್ತದೆ ಎನ್ನುವುದನ್ನು ಹೇಳಬೇಕಾದವರು. ಬೇಗ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲುವುದಿಲ್ಲ, ತಡವಾದರೆ ಸೀದು ಕಪ್ಪಾಗುತ್ತದೆ. ಉಳಿದವರು ಒಂದು ತೊಟ್ಟು ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ನಮ್ಮ ದೊಡ್ಡಪ್ಪನಿಗೆ ಮೂಗೇ ಸಾಕಿತ್ತು. ಬೆನ್ನು ತಿರುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಲೇ "ಇಳಿಸ್ರಲಾ" ಅನ್ನುತ್ತಿದ್ದರು.

ಆ ಮೂಗು ನಾಲ್ಕು ವರ್ಷದಿಂದ ಕಟ್ಟಿಹೋಗಿತ್ತು. ಮೊದಲು ವಾಸನೆ ಹೋಯಿತು, ಹಿಂದೆಯೇ ಉಬ್ಬಸ ಬಂತು. ಆಲೆಮನೆಗೆ ಹೋದ ದಿನ ಸಂಜೆ ಎದೆ ಕಟ್ಟುತ್ತಿತ್ತು. ಹೋಗದ ದಿನ ಆರಾಮ. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? ಹೊಗೆಯದೇ ಕೆಲಸ ಅಂತ ಮನೆಯವರೆಲ್ಲ ತೀರ್ಮಾನ ಮಾಡಿದೆವು. ಅದರಲ್ಲಿ ನನ್ನ ದನಿಯೇ ಜೋರಾಗಿತ್ತು. ದಸರೆ ಕಳೆದ ಮೇಲೆ ಅವರನ್ನು ಆಲೆಮನೆಗೆ ಹೋಗಗೊಡಲಿಲ್ಲ. ಜಗಲಿಯ ಮೇಲೆ ಕೂತು ಹೊಗೆ ಏಳುವ ದಿಕ್ಕನ್ನೇ ನೋಡುತ್ತಿದ್ದರು. ಉಬ್ಬಸವೇನೋ ಕಡಿಮೆಯಾಯಿತು, ಆದರೆ ಮನುಷ್ಯ ಮಂಕಾದರು. "ಉಸ್ರಾಡ್ಕೊಂಡು ಏನ್ ಮಾಡ್ಲಿ, ಕೆಲ್ಸವೇ ಇಲ್ದಿದ್ ಮ್ಯಾಲೆ" ಎಂದು ಒಮ್ಮೆ ನನ್ನೆದುರಿಗೇ ಅಂದರು. ನಾನು ಮಾತು ತಿರುಗಿಸಿದೆ.

ಹೀಗಿರುವಾಗ ಒಂದು ದಿನ, ಮನೆಯಲ್ಲೇ ಕೂತವರಿಗೆ, ಆಲೆಮನೆಯೇ ನಡೆಯದ ದಿನ, ಹಿಂದೆಂದೂ ಇಲ್ಲದಷ್ಟು ಜೋರಾಗಿ ಉಬ್ಬಸ ಬಂತು. ಹೊಗೆಯಿಲ್ಲದೆ ಬಂದ ಉಬ್ಬಸ ನಮ್ಮ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು. ಅದಾದ ಎರಡನೇ ದಿನಕ್ಕೆ ಅವರನ್ನು ಕರೆದುಕೊಂಡು ಇಲ್ಲಿಗೆ ಬಂದಿದ್ದೆ.

ಡಾಕ್ಟರಮ್ಮ ಚೀಟಿಗಳನ್ನೆಲ್ಲ ನೋಡಿ, ಮೂಗಿಗೆ ಬೆಳಕು ಬಿಟ್ಟು ನೋಡಿ, ಒಳಗೆ ದ್ರಾಕ್ಷಿಯಂಥ ಗಂಟುಗಳಿವೆ ಅಂದರು. ಆಮೇಲೆ ಕೇಳಿದರು. "ಮೊನ್ನೆ ಉಬ್ಬಸ ಬರೋ ಮುಂಚೆ ಯಾವುದಾದ್ರೂ ಮಾತ್ರೆ ತಗೊಂಡಿದ್ರಾ?"

"ಇಲ್ಲ ಕಣವ್ವ. ಮಾತ್ರೆ ಅನ್ನೋದ ಮುಟ್ಟೋನೇ ಅಲ್ಲ ನಾನು."

ಹಳೆಯ ಚೀಟಿಗಳಲ್ಲೂ ಅದೇ ಉತ್ತರ ಇತ್ತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಮ್ಮದೂ ಇದೇ ಸೀಮೆ, ಹೊಣಕೆರೆ ಕಡೆ, ಯಜಮಾನ್ರೇ. ಗುಳ್ಗೆ ನುಂಗಿದ್ರಾ?"

"ಗುಳ್ಗೆಯಾ? ಊಂ, ನುಂಗ್ದೆ. ಅಲ್ಲು ಕಿತ್ಕೊಂಡೋಗೋ ಅಂಗೆ ನೋಯ್ತಿತ್ತು."

ದೊಡ್ಡಪ್ಪ ಸುಳ್ಳು ಹೇಳಿದವರಲ್ಲ. ನಮ್ಮಲ್ಲಿ ಡಾಕ್ಟರು ಬರೆದುಕೊಟ್ಟರೆ ಅದು ಮಾತ್ರೆ. ಪೆಟ್ಟಿಗೆ ಅಂಗಡಿಯವನು ಕತ್ತರಿಯಲ್ಲಿ ಹಾಳೆ ಕತ್ತರಿಸಿ ಕೊಟ್ಟರೆ ಅದು ಗುಳ್ಗೆ. ಕಡ್ಡಿಪುಡಿ, ವೀಳ್ಯದೆಲೆಯ ಸಾಲಿಗೆ ಸೇರಿದ್ದು. ಅದನ್ನು ಔಷಧಿ ಅಂತ ಯಾರು ಎಣಿಸುತ್ತಾರೆ?

"ಆಲೆಮನೆಗೆ ಹೋದಾಗ?"

"ದಿನಾ ಒಂದು. ಕೊಪ್ಪರಿಗೆ ಮುಂದೆ ನಿಂತು ನಿಂತು ಸ್ವಂಟ ಇಡ್ಕಬುಡ್ತದೆ ಕಣವ್ವ."

ದೊಡ್ಡಮ್ಮ ಎಲೆಯಡಿಕೆ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಪಕ್ಕದಿಂದ ಅರ್ಧ ಖಾಲಿಯಾದ ಗುಳ್ಗೆ ಹಾಳೆ ತೆಗೆದು ಮೇಜಿನ ಮೇಲಿಟ್ಟರು.

ಡಾಕ್ಟರಮ್ಮ ಕಾಗದ ತೆಗೆದು ಒಂದು ಗೆರೆ ಎಳೆದರು. "ಇದು ನಾಲೆ ಅಂದ್ಕೊಳ್ಳಿ. ಮೈಯ ಕಣಕಣದ ಸುತ್ತ ಒಂಚೂರು ಕೊಬ್ಬಿರ್ತದೆ. ಎಲ್ಲಾದ್ರೂ ಪೆಟ್ಟಾದ್ರೆ, ಊತ ಬಂದ್ರೆ, ಮೈ ಆ ಕೊಬ್ಬಿಂದ ಸುದ್ದಿ ಮುಟ್ಟಿಸೋ ಆಳುಗಳನ್ನ ಮಾಡ್ಕೊಳ್ತದೆ. ಐಕೊಸನಾಯ್ಡ್ ಅಂತ ಆ ಮನೆತನದ ಹೆಸರು." ಗೆರೆಯ ತುದಿಯಲ್ಲಿ ಎರಡು ಕವಲು ಬರೆದರು. "ಒಂದು ತೂಬಿನ ಕಡೆ ಪ್ರೊಸ್ಟಗ್ಲಾಂಡಿನ್. ನೋವು, ಜ್ವರ ಎಬ್ಬಿಸೋದು ಅದೇ, ಹೊಟ್ಟೆಯ ಒಳಪದರ ಕಾಯೋದೂ ಅದೇ. ಇನ್ನೊಂದು ತೂಬಿನ ಕಡೆ ಲ್ಯೂಕೋಟ್ರೈನ್. ಅದು ಹೆಚ್ಚಾದ್ರೆ ಮೂಗು ಊದ್ತದೆ, ಉಸಿರಿನ ಕೊಳವೆ ಬಿಗೀತದೆ."

"ಎದೆ ವಳಗೆ ಟ್ರೈನು ಬುಟ್ಟವ್ರಾ?" ಅಂದರು ದೊಡ್ಡಪ್ಪ. "ಅದ್ಕೇ ಕುಯ್ಯ್ ಅಂತದೆ."

ಡಾಕ್ಟರಮ್ಮ ನಕ್ಕು, ಮೊದಲ ಕವಲಿಗೆ ಅಡ್ಡಗೆರೆ ಹಾಕಿದರು. "ಈ ಗುಳ್ಗೆ ನೋವಿನ ತೂಬು ಮುಚ್ತದೆ. ಮುಚ್ಚಿದ್ರೆ..."

ಅವರು ಮುಗಿಸುವ ಮೊದಲೇ ದೊಡ್ಡಪ್ಪ ಬೆರಳಿಟ್ಟು ಎರಡನೇ ಕವಲನ್ನು ತೋರಿಸಿದರು. "ನೀರೆಲ್ಲ ಇಂಗೆ ನುಗ್ತದೆ. ಗದ್ದೆ ಏರಿ ವಡೀತದೆ." ನಾಲೆಯ ಬಯಲಿನಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕಾಗದದ ಮೇಲಿಂದ ಬೆರಳು ತೆಗೆಯದೆಯೇ ಮೆಲ್ಲಗೆ ಕೇಳಿದರು. "ಅಂಗಾರೆ ಹೊಗೆ ಅಲ್ವಾ?"

"ಹೊಗೆ ಒಳ್ಳೇದು ಅಂತ ನಾನು ಹೇಳಲ್ಲ. ಗಾಳಿ ಬರೋ ಕಡೆ ನಿಂತ್ಕೊಳ್ಳಿ. ಆದ್ರೆ ದೊಡ್ಡ ಕಳ್ಳ ನಿಮ್ಮ ಸಂಚೀಲಿದ್ದ. ಎಲ್ಲರಿಗೂ ಹೀಗಾಗಲ್ಲ, ಕೆಲವರ ಮೈ ಹೀಗೆ."

"ನನ್ ಕೈಯಾರೆ ಕೊಟ್ನಲ್ಲವ್ವ," ಅಂದರು ದೊಡ್ಡಮ್ಮ. "ಕಾಫಿ ಜೊತೆ ನಾನೇ ಕೊಡ್ತಿದ್ದೆ."

"ನೀವು ಸೊಂಟ ನೋವಿಗೆ ಕೊಟ್ರಿ, ಉಬ್ಬಸಕ್ಕಲ್ಲ," ಎಂದು ಡಾಕ್ಟರಮ್ಮ ಅವರ ಕೈಮೇಲೆ ಕೈಯಿಟ್ಟರು. "ಇನ್ನು ಮೇಲೆ ನನ್ನ ಕೇಳದೆ ಏನೂ ನುಂಗಿಸ್ಬೇಡಿ, ಆಯ್ತಾ?"

ಉಸಿರಲ್ಲಿ ಎಳೆದುಕೊಳ್ಳುವ ಪಂಪು, ಮೂಗಿಗೆ ಸಿಂಪಡಿಸುವ ಔಷಧಿ, ಎರಡನೇ ತೂಬಿಗೆ ಬಾಗಿಲು ಹಾಕುವ ಒಂದು ಮಾತ್ರೆ, ಸೊಂಟಕ್ಕೆ ಬೇರೆಯದು, ಎಲ್ಲ ಬರೆದುಕೊಟ್ಟರು. ಯಾವ ಯಾವ ನೋವಿನ ಗುಳ್ಗೆ ಇವರಿಗೆ ಆಗದು ಎಂದು ದೊಡ್ಡ ಅಕ್ಷರದಲ್ಲಿ ಬರೆದ ಚೀಟಿಯನ್ನು ಸಂಚಿಯಲ್ಲೇ ಇಟ್ಟುಕೊಳ್ಳಿ ಅಂದರು. ಪಾಂಡವಪುರದ ಬಸ್ಸಿನಲ್ಲಿ ದೊಡ್ಡಪ್ಪ ನನ್ನ ಕಡೆ ತಿರುಗಿ, "ಲೇ, ನಾಕಕ್ಸರ ಓದ್ಕೊಂಡೋನು ನೀನು, ಹೊಗೆ ಹೊಗೆ ಅಂತ ನನ್ನ ಜಗ್ಲಿ ಮ್ಯಾಲೆ ಕೂರುಸ್ಬುಟ್ಟಲ್ಲೋ," ಅಂದರು. ಬೈಗುಳವೇ ಸರಿ. ಆದರೆ ಬಹಳ ದಿನದ ಮೇಲೆ ಅವರ ದನಿಯಲ್ಲಿ ಹಳೆಯ ಕಾವು ಇತ್ತು, ಬೈಸಿಕೊಳ್ಳಲು ಹಿತವಾಗಿತ್ತು.

ಉಬ್ಬಸ ತಿಂಗಳೊಳಗೆ ಹತೋಟಿಗೆ ಬಂತು. ಮೂಗು ಮಾತ್ರ ತಡಮಾಡಿತು. ದೊಡ್ಡಮ್ಮ ದಿನಾ ಒಗ್ಗರಣೆ ಹಾಕಿ, "ಏನ್ ವಾಸ್ನೆ ಯೋಳಿ?" ಎಂದು ಪರೀಕ್ಷೆ ಮಾಡುತ್ತಿದ್ದರು. ದೊಡ್ಡಪ್ಪ ಊಹೆಯ ಮೇಲೆ ಬೆಳ್ಳುಳ್ಳಿ ಅನ್ನುತ್ತಿದ್ದರು. ಹಲವು ಸಲ ಅದು ಇಂಗಿನ ಒಗ್ಗರಣೆಯಾಗಿರುತ್ತಿತ್ತು.

ಈ ಸಲದ ಕಬ್ಬು ಕಡಿದಾಗ ಅವರನ್ನು ನನ್ನ ಸ್ಕೂಟರಿನಲ್ಲೇ ಆಲೆಮನೆಗೆ ಕರೆದೊಯ್ದೆ. ಗಾಡಿ ನಿಲ್ಲಿಸಿ ನಡೆಯುತ್ತಿದ್ದೆವು, ಕೊಪ್ಪರಿಗೆ ಇನ್ನೂ ಇಪ್ಪತ್ತು ಹೆಜ್ಜೆ ದೂರವಿತ್ತು. ದೊಡ್ಡಪ್ಪ ತಟ್ಟನೆ ನಿಂತರು.

"ಇಳಿಸ್ರಲಾ," ಅಂದರು.

"ಇನ್ನೂ ಐತೆ ಬುಡಣ್ಣ," ಅಂದ ಪಾಕ ತಿರುವುತ್ತಿದ್ದವನು.

ಆದರೂ ಒಂದು ತೊಟ್ಟು ನೀರಿಗೆ ಬಿಟ್ಟು ನೋಡಿದ. ಬೆರಳ ನಡುವೆ ಉಂಡೆ ನಿಂತಿತು. ಕೊಪ್ಪರಿಗೆ ಇಳಿಸಿದರು.