ಮಂಗಳನ ಕಾಟ ಮತ್ತು ಹಿತ್ತಲ ಬಾಳೆ

ನನಗೆ ಕುಜದೋಷವಿದೆ. ಅಂದರೆ ನಾನು ಹುಟ್ಟಿದ ಗಳಿಗೆಯಲ್ಲಿ ಮಂಗಳ ಗ್ರಹ ಕೂರಬಾರದ ಮನೆಯಲ್ಲಿ ಕೂತಿತ್ತಂತೆ. ನನ್ನನ್ನು ಕಟ್ಟಿಕೊಂಡವನ ಜೀವಕ್ಕೆ ಗ್ಯಾರಂಟಿ ಇಲ್ಲವಂತೆ. ಕೋಟಿಗಟ್ಟಲೆ ಕಿಲೋಮೀಟರ್ ಆಚೆಯ ಗ್ರಹಕ್ಕೆ ತುಕ್ಕಾನಟ್ಟಿಯ ನಮ್ಮ ಮನೆಯ ವಿಳಾಸ ಸರಿಯಾಗಿ ಸಿಕ್ಕಿತ್ತು. ಕೊರಿಯರ್‌ನವನಿಗೆ ಇವತ್ತಿಗೂ ಸಿಕ್ಕಿಲ್ಲ, ಪಕ್ಕದ ಅರಭಾವಿಯಲ್ಲೇ ಗಾಡಿ ನಿಲ್ಲಿಸಿ ಫೋನ್ ಮಾಡುತ್ತಾನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನಮ್ಮ ಮಂಗಳಯಾನ ಮೊದಲ ಪ್ರಯತ್ನಕ್ಕೇ ಆ ಗ್ರಹವನ್ನು ತಲುಪಿದ್ದನ್ನು ಮಕ್ಕಳಿಗೆ ಹೇಳುವಾಗ ನನ್ನ ಎದೆ ಉಬ್ಬುತ್ತಿತ್ತು. ಎಂಟು ವರ್ಷ ಮಂಗಳನ ಮಗ್ಗುಲಲ್ಲೇ ತಿರುಗಿದ ಆ ಪೆಟ್ಟಿಗೆಯನ್ನು ಅವನು ಏನೂ ಮಾಡಲಿಲ್ಲ. ಅವನ ಸಿಟ್ಟೆಲ್ಲ ನನ್ನ ಮೇಲೇ. ಬಂದ ಮೂರು ಸಂಬಂಧಗಳೂ ಜಾತಕ ಬಿಚ್ಚಿದ ಮೇಲೆ ತಿರುಗಿ ನೋಡಲಿಲ್ಲ.

ಅವ್ವ ಹೋಗಿ ಪಂಚಾಂಗ ನೋಡುವ ಅಜ್ಜಾರನ್ನು ಕೇಳಿ ಬಂದಳು. ಪರಿಹಾರ ಸುಲಭವಾಗಿತ್ತು. ಮೊದಲು ಬಾಳೆಗಿಡದ ಜೊತೆ ನನ್ನ ಮದುವೆ ಮಾಡಬೇಕು, ಆಮೇಲೆ ಗಿಡವನ್ನು ಕಡಿಯಬೇಕು. ಮಂಗಳನ ಕಾಟವೆಲ್ಲ ಆ ಗಂಡನ ತಲೆಗೆ ಹೋಗಿ, ಎರಡನೆಯವನು ಆರಾಮಾಗಿ ಇರುತ್ತಾನೆ. ವಿಜ್ಞಾನದ ಟೀಚರು ಇದಕ್ಕೆ ಒಪ್ಪಿದಳೇ ಎಂದು ಕೇಳಬೇಡಿ. ಒಪ್ಪಿದೆ. ಅವ್ವ ಎರಡು ದಿನ ಊಟ ಬಿಟ್ಟಿದ್ದಳು.

ಅಪ್ಪ ನರ್ಸರಿಯಿಂದ ಸಸಿ ತಂದ. ಬೇರು ನೋಡಿ, ಎಲೆ ತಿರುವಿ ನೋಡಿ, ಜಾತಿ ಕೇಳಿ ಆರಿಸಿದ. ಅಷ್ಟು ವಿಚಾರಣೆಯನ್ನು ಮುಂದೆ ಬಂದ ಯಾವ ವರನ ಬಗ್ಗೆಯೂ ಮಾಡಲಿಲ್ಲ. ಅಕ್ಕಿಕಾಳು ಬಿತ್ತು, ಮದುವೆ ಆಯಿತು. ಕಡಿಯುವ ಹೊತ್ತಿಗೆ ಮಾತ್ರ ಅಪ್ಪ ಕುಡಗೋಲು ಹಿಡಿದು ನಿಂತವನು ನಿಂತೇ ಇದ್ದ.

"ಫಲಾ ಕೊಡೂಕಿಂತ ಮೊದ್ಲ ಗಿಡಾ ಕಡಿಬಾರ್ದು," ಎಂದು ಒಂದು ಎಲೆ ಕತ್ತರಿಸಿ ಶಾಸ್ತ್ರ ಮುಗಿಸಿದ. ಸಸಿಯನ್ನು ಹಿತ್ತಲಲ್ಲಿ, ಪಾತ್ರೆ ತೊಳೆದ ನೀರು ಹರಿಯುವಲ್ಲಿ ನೆಟ್ಟ. ನನ್ನ ಮೊದಲ ಗಂಡ ಮುಸುರೆ ನೀರು ಕುಡಿದು ದಷ್ಟಪುಷ್ಟನಾಗಿ ಬೆಳೆದ.

ಮರುವರ್ಷ ಹುಕ್ಕೇರಿ ಕಡೆಯಿಂದ ಒಂದು ಸಂಬಂಧ ಬಂತು. ಬಾಳೆಯ ಜೊತೆ ಮದುವೆ ಮಾಡಿ ದೋಷ ಕಳೆದಿದೆ ಎಂದು ಅವ್ವ ಮೊದಲೇ ಹೇಳಿ ಕಳಿಸಿದ್ದಳು. ಹುಡುಗ ಎಂಜಿನಿಯರಿಂಗ್ ಓದಿದವನು. ಫೋಟೋ ನೋಡಿ ಫೋನ್ ಮಾಡಿದ, ಹದಿನೈದು ದಿನ ದಿನಾ ಮಾತಾಡಿದೆವು. ಚಂದ್ರನತ್ತ ಹೊರಟಿದ್ದ ನಮ್ಮ ನೌಕೆಯದೇ ಮಾತು: ಇವತ್ತು ಎಷ್ಟು ಹತ್ತಿರ ಹೋಯಿತು, ಹಿಂದಿನ ಸಲದ್ದು ಯಾಕೆ ಬಿತ್ತು. "ಜಾತಕಾ ಗೀತಕಾ ನಾ ನಂಬೂದಿಲ್ರಿ," ಅಂದಿದ್ದ. ಸುಳ್ಳು ಯಾಕೆ ಹೇಳಲಿ, ಅವನು ನನ್ನ ಮನಸ್ಸಿಗೆ ಬಂದುಬಿಟ್ಟಿದ್ದ. ಮದುವೆಗೆ ಯಾವ ಬಣ್ಣದ ಸೀರೆ ಎನ್ನುವುದೂ ನನ್ನೊಳಗೇ ನಿಶ್ಚಯವಾಗಿತ್ತು.

ಅಧಿಕ ಮಾಸ ಮುಗಿದ ಮೇಲೆ ಕನ್ಯೆ ನೋಡಲು ಬರುವುದೆಂದಾಯಿತು. ಹಿರಿಯರು ಪಂಚಾಂಗ ತಿರುವಿ ಬುಧವಾರ ಸಂಜೆ ಐದೂವರೆ ಅಂದರು. ವಿಜ್ಞಾನಿಗಳು ಚಂದ್ರನ ಮೇಲೆ ಬಿಸಿಲು ಬೀಳುವ ದಿನ ನೋಡಿ ಅದೇ ಬುಧವಾರ ಸಂಜೆ ಆರರ ನಂತರ ಅಂದರು. ಹೀಗೆ ನಮ್ಮ ಪಡಸಾಲೆಯಲ್ಲಿ ಎರಡು ಮುಹೂರ್ತ ಕೂಡಿಬಂದವು.

ಉಪ್ಪಿಟ್ಟು, ಚಹಾ ಮುಗಿಯಿತು. ನನ್ನನ್ನು ಯಾರೂ ಸರಿಯಾಗಿ ನೋಡಲಿಲ್ಲ, ಎಲ್ಲರ ಕಣ್ಣೂ ಟಿವಿ ಮೇಲೆ. ನೌಕೆ ವೇಗ ತಗ್ಗಿಸುವುದು ಹೇಗೆ ಎಂದು ಹುಡುಗ ಕೈಯಾಡಿಸಿ ವಿವರಿಸುತ್ತಿದ್ದ. ಇಳಿಯಿತು ಎಂದ ಕೂಡಲೇ ಎಲ್ಲರೂ ಚಪ್ಪಾಳೆ ಹೊಡೆದೆವು. "ನಮ್ಮ ಮಂದಿ ಎಷ್ಟ ಶಾಣ್ಯಾರ ಅದಾರ ನೋಡ್ರಿ!" ಎಂದು ಹುಡುಗನ ತಾಯಿ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ.

ಅಪ್ಪನ ಖುಷಿ ಅಲ್ಲಿಗೇ ನಿಲ್ಲಬೇಕಿತ್ತು. ಮನೆಗೆ ಬಂದವರಿಗೆ ತಾನು ಬೆಳೆದದ್ದನ್ನು ತೋರಿಸದೆ ಕಳಿಸಿದರೆ ಅವನಿಗೆ ಉಂಡದ್ದು ಅರಗುವುದಿಲ್ಲ. ಬೀಗರನ್ನೆಲ್ಲ ಹಿತ್ತಲಿಗೆ ಕರೆದುಕೊಂಡು ಹೋಗಿ, ಗೊನೆ ಬಿಟ್ಟು ನಿಂತಿದ್ದ ಬಾಳೆಯ ಬೆನ್ನು ತಟ್ಟಿದ.

"ಇಂವ ನೋಡ್ರಿ, ನಮ್ಮ ಹಿರೇ ಅಳಿಯಾ!"

ಹುಡುಗನ ತಾಯಿ ಬಾಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯ ಶಿವನ! ಏನ್ರಿ ಬೀಗರ, ಗಂಡ ಇನ್ನಾ ಜೀವಂತ ಅದಾನಲ್ರಿ! ಬಾಜೂಕ ಎರಡ ಮರೀನೂ ಅದಾವ! ಈಗಿಂದೀಗ ಕಡೀರಿ, ಆಮ್ಯಾಲ ಮುಂದಿನ ಮಾತು."

"ಎರಡ ತಿಂಗ್ಳಾ ತಡೀರಿ ಅಕ್ಕಾರ," ಅಪ್ಪ ಅಂದ, "ಗೊನಿ ಇನ್ನಾ ಬಲೀಬೇಕು. ಇಳಿಸಿದ ಮ್ಯಾಲ ಹೆಂಗೂ ಕಡ್ಯಾದ ಐತಿ."

"ಅಲ್ಲೀತನಕ ನನ್ನ ಮಗಗ ಏನರ ಆತಂದ್ರ?"

ನಾನು ಹುಡುಗನ ಮುಖ ನೋಡಿದೆ. ಹತ್ತು ನಿಮಿಷದ ಹಿಂದೆ ಚಂದ್ರನ ಮೇಲೆ ನೌಕೆ ಇಳಿಸಿದವನು ಚಪ್ಪಲಿಗೆ ಹತ್ತಿದ ಕೆಸರು ನೋಡುತ್ತಿದ್ದ. "ಒಂದ ಗಿಡಾ ಅಲ್ರಿ," ಅಂದ, "ಕಡದ್ರ ಆತು. ಅವ್ವಗ ಸಮಾಧಾನ."

ಅಪ್ಪ ಕುಡಗೋಲು ತಂದ. ಎತ್ತಿದ ಕೈ ಈ ಸಲವೂ ಇಳಿಯಲಿಲ್ಲ. "ವಿಚಾರ ಮಾಡಿ ತಿಳಸ್ತೀವ್ರಿ," ಎಂದು ಅವರು ಹೊರಟರು. ಆ ಮಾತಿನ ಅರ್ಥ ನಮ್ಮ ಕಡೆ ಎಲ್ಲರಿಗೂ ಗೊತ್ತು.

ನಾನು ಅತ್ತೆ. ಅಪ್ಪನ ಮೇಲೆ ಹರಿಹಾಯ್ದೆ: "ನನಗಿಂತ ನಿನಗ ಗೊನಿನ ಹೆಚ್ಚಾತು?" ಅವ್ವ ಅವನಿಗೆ ಊಟಕ್ಕೆ ಬಡಿಸುವುದು ಬಿಟ್ಟು ಪಾತ್ರೆ ಮಾತ್ರ ಮುಂದಿಡುತ್ತಿದ್ದಳು. ಟಿವಿಯಲ್ಲಿ ಆರು ಗಾಲಿಯ ಬಂಡಿ ಚಂದ್ರನ ಮಣ್ಣಿನ ಮೇಲೆ ಓಡಾಡುತ್ತಿತ್ತು. ಹುಕ್ಕೇರಿಯಿಂದ ನಮ್ಮ ಮನೆಗೆ ಒಂದು ಫೋನೂ ಬರಲಿಲ್ಲ.

ಐದನೆಯ ದಿನ ಬೆಳಿಗ್ಗೆ ಅಪ್ಪ ಹಿತ್ತಲಲ್ಲಿ ಕುಡಗೋಲು ಮಸೆಯುತ್ತಿದ್ದ. ಕಣ್ಣು ಕೆಂಪಾಗಿದ್ದವು.

"ತಪ್ಪ ನಂದ ಐತಿ ಯವ್ವಾ. ಇವತ್ತ ಕಡದ ಬಿಡ್ತೀನಿ. ಅವರಿಗೆ ಫೋನ್ ಮಾಡಿ ಹೇಳು."

ನನ್ನ ಕೈಯಲ್ಲಿ ಫೋನ್ ಇತ್ತು. ಹುಡುಗನ ಹೆಸರು ತೆಗೆದೂ ಇದ್ದೆ. ಒತ್ತಲು ಬೆರಳು ಬರಲಿಲ್ಲ.

"ಅಪ್ಪಾ," ಅಂದೆ, "ಅವತ್ತ ನೀ ಕಡದಿದ್ರ, ನಾ ಆ ಮನಿಗೆ ಹೋಗಿಬಿಡ್ತಿದ್ನಿ."

ಅಪ್ಪ ಕುಡಗೋಲು ಕೆಳಗಿಟ್ಟು, ಕೊಟ್ಟಿಗೆಯಿಂದ ಒಂದು ಕವೆಗೋಲು ತಂದು, ಭಾರಕ್ಕೆ ಬಾಗಿದ್ದ ಗಿಡಕ್ಕೆ ಆಸರೆ ಕೊಟ್ಟು ಕಟ್ಟಿದ.