ನಕ್ಷತ್ರ ನೋಡಲಿಕ್ಕೆ ಗ್ಯಾಸ್‌ಲೈಟು

ಆಕಾಶ ನೋಡಲು ಹೊರಟವರು ಕೈಯಲ್ಲಿ ಏನು ಹಿಡಿದುಕೊಂಡು ಹೋಗಬೇಕು? ನಮ್ಮ ಮೂಡುಬಿದಿರೆಯವರನ್ನು ಕೇಳಿ. ದೀಪ.

ಕಳೆದ ಮಂಗಳವಾರ ಸಂಜೆ ನಮ್ಮ ದೊಡ್ಡ ಕೆರೆಯ ಏರಿಯ ಮೇಲೆ ತೆಂಗಿನ ಗರಿಯ ಸೂಟೆಗಳು ಧಗಧಗ ಉರಿಯುತ್ತಿದ್ದವು. ಜೊತೆಗೆ ನಾಲ್ಕು ಲಾಟೀನು, ಒಂದು ಬ್ಯಾಟರಿ ಟಾರ್ಚು. ಸಾಲದ್ದಕ್ಕೆ ಸೋಡದಂಗಡಿಯ ಇದಿನಬ್ಬ ತಮ್ಮ ಗ್ಯಾಸ್‌ಲೈಟನ್ನೇ ಹೊತ್ತು ತಂದಿದ್ದರು. ಕೆರೆಯ ನೀರೆಲ್ಲ ಹಗಲಾಗಿತ್ತು. ಮೀನುಗಳಿಗೆ ಬೆಳಗಾಯಿತೆಂದು ಕಂಡಿರಬೇಕು.

ಇಷ್ಟಕ್ಕೆಲ್ಲ ಕಾರಣ ನಾನೇ.

ಅಮೆರಿಕದವರು ಬೇಗಡೆಯಂಥ ಹಾಳೆಯ ಒಂದು ದೊಡ್ಡ ಬಲೂನನ್ನು ಆಕಾಶಕ್ಕೆ ಹಾರಿಸಿದ್ದು ನಿಮಗೆ ಗೊತ್ತಿದೆ. ಭೂಮಿಗೆ ಸುತ್ತು ಬರುತ್ತಿದೆ. ನೋಡಲು ನಕ್ಷತ್ರದ ಹಾಗೆಯೇ, ಆದರೆ ನಡೆಯುತ್ತದೆ. ಮಂಗಳವಾರ ಏಳು ಗಂಟೆ ಹನ್ನೆರಡು ನಿಮಿಷದ ಸುಮಾರಿಗೆ ನಮ್ಮ ಕಡೆಗೆ ಕಾಣುತ್ತದೆಂದು ಪೇಪರಿನಲ್ಲಿತ್ತು. ಅದನ್ನು ನಾನು ಓದಿದೆ. ಓದಿ ಸುಮ್ಮನಿರಬಾರದೇ? ಅತ್ತೆಗೆ ಹೇಳಿದೆ.

ಅತ್ತೆ ಬಸಳೆ ಸೋಸುತ್ತಿದ್ದರು. ತಲೆ ಎತ್ತಲಿಲ್ಲ. (ನಮ್ಮ ಮನೆಯ ಮಾತೆಲ್ಲ ತುಳು. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

"ಮನುಷ್ಯ ಹಾರಿಸಿದ ನಕ್ಷತ್ರ?"

"ಹೌದು ಅತ್ತೆ."

"ಹೇಳಿದ ಟೈಮಿಗೆ ಬರ್ತದೆ?"

"ನಿಮಿಷ ಸಮೇತ ಬರೆದಿದ್ದಾರೆ."

"ಕಾರ್ಕಳದ ಬಸ್ಸೇ ಹೇಳಿದ ಟೈಮಿಗೆ ಬರುವುದಿಲ್ಲ. ನಕ್ಷತ್ರ ಬರ್ತದಂತೆ. ನಿನ್ನ ಕಾನ್ವೆಂಟಿನಲ್ಲಿ ಇದನ್ನೇ ಕಲಿಸುವುದಾ?"

ಮೂಲೆಯಲ್ಲಿ ಕುಳಿತಿದ್ದ ನಾದಿನಿ ಸುಮತಿ ಜಡೆಯ ತುದಿಯನ್ನು ಬಾಯಿಗೆ ಹಾಕಿಕೊಂಡಳು. ಹೆದರಿಕೆಯಾದಾಗ ಅವಳು ಮಾಡುವ ಕೆಲಸ ಅದು.

ಅವಳಿಗೆ ಹೆದರಿಕೆ ಏಕೆಂದರೆ, ಬರುವ ಜೂನಿಗೆ ಮಂಗಳೂರಿನ ಅದೇ ಕಾನ್ವೆಂಟಿಗೆ ಸೇರುವ ಆಸೆ ಅವಳದು; ಅತ್ತೆ ಇನ್ನೂ ಒಪ್ಪಿರಲಿಲ್ಲ. ಎಂಟನೆಯ ಕ್ಲಾಸು ಪಾಸಾಗುವ ಹುಡುಗಿ, ಲೆಕ್ಕದಲ್ಲಿ ನನ್ನನ್ನು ಮೀರಿಸುತ್ತಾಳೆ. ನಾನಾದರೋ ಸೋದರಮಾವನ ಮನೆಯಿಂದ ದಿನಾ ಹೋಗಿ ಬರುತ್ತಿದ್ದವಳು. ಸುಮತಿಗೆ ಮಂಗಳೂರಿನಲ್ಲಿ ಯಾರೂ ಇಲ್ಲ, ಬೋರ್ಡಿಂಗೇ ಗತಿ. ಬೋರ್ಡಿಂಗಿನಲ್ಲಿ ರಾತ್ರಿಯೂಟದ ಗಂಟೆ ಹೊಡೆಯುವುದು ಏಳಕ್ಕೆ. ನಮ್ಮದು ಜೈನರ ಮನೆ. ದೀಪಕ್ಕೆ ಬರುವ ಹುಳು ಅನ್ನಕ್ಕೆ ಬಿದ್ದು ಸಾಯಬಾರದೆಂದು ಹೊತ್ತು ಮುಳುಗುವ ಮೊದಲೇ ಉಂಡು, ಆರು ಗಂಟೆಗೆ ಪಾತ್ರೆ ಕವುಚಿ ಇಟ್ಟಾಗಿರುತ್ತದೆ. ಈ ಒಂದು ಗಂಟೆಯ ವ್ಯತ್ಯಾಸದಲ್ಲಿ ಹುಡುಗಿಯ ಓದು ಸಿಕ್ಕಿಬಿದ್ದಿತ್ತು.

ಅತ್ತೆ ಬಸಳೆಯ ದಂಟು ಮುರಿದರು. "ಆ ನಿನ್ನ ನಕ್ಷತ್ರ ಬರ್ಲಿ. ಬಂದರೆ ಇವಳ ವಿಷಯ ಮಾತಾಡುವ. ಬರದಿದ್ದರೆ ಕಾನ್ವೆಂಟಿನ ಸುದ್ದಿ ಈ ಮನೆಯಲ್ಲಿ ಎತ್ತಬಾರದು."

ಅಮೆರಿಕದವರಿಗೆ ಗೊತ್ತುಂಟೋ ಇಲ್ಲವೋ, ಮೂಡುಬಿದಿರೆಯ ಒಬ್ಬ ಹುಡುಗಿಯ ಸ್ಕೂಲ್ ಅಡ್ಮಿಷನ್ ಅವರ ಬಲೂನಿಗೆ ನೇತಾಡುತ್ತಿತ್ತು.

ನಾನು ಈ ಸಂಗತಿ ಹೇಳಿದ್ದು ಪಕ್ಕದ ಮನೆಯವರೊಬ್ಬರಿಗೆ ಮಾತ್ರ. ಅದೂ ಗುಟ್ಟಾಗಿ. ಅದಕ್ಕೇ ಇರಬೇಕು, ಏಳು ಗಂಟೆಗೆ ಅರ್ಧ ಪೇಟೆ ಏರಿಯ ಮೇಲಿತ್ತು. ಇವರು (ನನ್ನ ಯಜಮಾನರು) ಪಂಚಾಯತು ರೇಡಿಯೋದ ಎದುರು ನಿಂತು ವಾಚನ್ನು ಸರಿಮಾಡಿಕೊಂಡು ಬಂದಿದ್ದರು. ಅಷ್ಟು ಗಂಭೀರವಾಗಿ ಅವರು ನಮ್ಮ ಮದುವೆಯ ಮುಹೂರ್ತವನ್ನೂ ನೋಡಿರಲಾರರು.

ತಲೆ ಎತ್ತಿ ನೋಡಿದೆ. ಹೊಗೆ. ಹೊಗೆಯ ಆಚೆ ಮಸಿಬಟ್ಟೆಯಂಥ ಕಪ್ಪು. ಒಂದು ನಕ್ಷತ್ರವೂ ಇಲ್ಲ.

"ಇದಿನಬ್ಬ, ಆ ಲೈಟು ಆರಿಸಬೇಕಿತ್ತಲ್ಲ" ಎಂದೆ.

"ಅದು ಹೇಗೆ ಅಕ್ಕ? ಹೆಂಗಸರು ಮಕ್ಕಳು ಬಂದಿದ್ದಾರೆ. ಏರಿಯಲ್ಲಿ ಬಳ್ಳಿ ಇರ್ತದೆ." (ಕತ್ತಲಾದ ಮೇಲೆ ನಾವು ಹಾವಿನ ಹೆಸರು ಎತ್ತುವುದಿಲ್ಲ. ಬಳ್ಳಿ ಎನ್ನುತ್ತೇವೆ.)

ನಾನು ಕಣ್ಣಿನ ಪಾಪೆಯ ವಿಷಯ ವಿವರಿಸಿದೆ. ಬೆಳಕಿನಲ್ಲಿ ಅದು ಕಿರಿದಾಗುತ್ತದೆ, ಕತ್ತಲಲ್ಲಿ ಹಿರಿದಾಗುತ್ತದೆ. ಸಿಸ್ಟರ್ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಹೇಳಿಕೊಟ್ಟ ಪಾಠ. ಎಲ್ಲರೂ ಮರ್ಯಾದೆಯಿಂದ ಕೇಳಿದರು. ನನ್ನ ಮುಖ ಸರಿಯಾಗಿ ಕಾಣಲೆಂದು ಒಬ್ಬರು ಸೂಟೆಯನ್ನು ಇನ್ನೂ ಹತ್ತಿರ ಹಿಡಿದರು.

ವಾಚಿನಲ್ಲಿ ಏಳು ಗಂಟೆ ಎಂಟು ನಿಮಿಷ. ಸುಮತಿಯ ಜಡೆ ಬಾಯಲ್ಲಿ.

ಆಗ ಅತ್ತೆ ಮುಂದೆ ಬಂದರು. ಗ್ಯಾಸ್‌ಲೈಟಿನ ಬುಡವನ್ನು ಬಗ್ಗಿ ನೋಡಿದರು. ಮಳೆಹುಳುಗಳು, ಹಸಿರು ಜಿಗಿಹುಳುಗಳು ಗಾಜಿಗೆ ಬಡಿದು ಬಿದ್ದು ರಾಶಿಯಾಗಿದ್ದವು.

"ಇದಿನಬ್ಬ, ಎಷ್ಟು ಜೀವ ಹೋಯ್ತು ನೋಡು."

ಇದಿನಬ್ಬ ನೋಡಿದರು. ಗ್ಯಾಸ್‌ಲೈಟಿನ ತಿರುಪು ಸಡಿಲಿಸಿ ಅದರ ಗಾಳಿ ಬಿಟ್ಟರು. ಮ್ಯಾಂಟಲ್ ಬಿಳಿಯಿಂದ ಹಳದಿಯಾಗಿ, ಕೆಂಪಾಗಿ, ಆರಿತು. ಸೂಟೆಗಳು ಒಂದೊಂದಾಗಿ ನೀರಿಗಿಳಿದವು. ಚುಂಯ್, ಚುಂಯ್. ಲಾಟೀನುಗಳ ಬತ್ತಿ ಕೆಳಗಿಳಿಯಿತು.

"ಅಮ್ಮಾ, ಬಳ್ಳಿ?" ಎಂದಿತು ಇದಿನಬ್ಬರ ದನಿ.

"ಅದರ ಪಾಡಿಗೆ ಅದು ಇರ್ಲಿ. ಯಾರೂ ಕಾಲು ಅಲುಗಿಸಬೇಡಿ."

ಊರಿಗೆ ಊರೇ ಉಸಿರು ಹಿಡಿದು ನಿಂತಿತು. ನನ್ನ ವಿಜ್ಞಾನದಿಂದ ಆಗದ್ದು ಒಂದು ಹಿಡಿ ಹುಳುವಿನಿಂದ ಆಯಿತು. ಹುಳುಗಳ ಮೇಲಿನ ಕರುಣೆಯೊಂದೇ ಕಾರಣವೋ, ಮಗಳ ಮೇಲಿನದ್ದೂ ಸ್ವಲ್ಪ ಇತ್ತೋ? ಕತ್ತಲಲ್ಲಿ ಅತ್ತೆಯ ಮುಖ ಕಾಣಲಿಲ್ಲ.

ಏಳು ಹನ್ನೆರಡು. ಪೇಪರಿನಲ್ಲಿದ್ದಂತೆ ನಾನು ಪಡುವಣಕ್ಕೆ ಕೈ ತೋರಿಸಿದೆ. ಎಲ್ಲರೂ ಪಡುವಣಕ್ಕೆ ಕತ್ತು ತಿರುಗಿಸಿದರು. ಹದಿನಾಲ್ಕು. ಹದಿನಾರು. ಒಂದೊಂದೇ ನಕ್ಷತ್ರ ಹೊರಗೆ ಬಂತು. ಎಲ್ಲವೂ ನಿಂತಲ್ಲೇ ನಿಂತವು.

ಇವರು ಕಿವಿಯ ಹತ್ತಿರ ಬಂದರು. "ಮಾರಾಯ್ತಿ, ವಾರ ಸರಿಯಾಗಿ ಓದಿದ್ದೀಯಾ?"

ಕೆಮ್ಮು ಶುರುವಾಯಿತು. ನಗೆ ಕೆಮ್ಮಿನ ವೇಷದಲ್ಲಿ ಬರುತ್ತದಲ್ಲ, ಆ ಕೆಮ್ಮು. ಸುಮತಿ ನನ್ನ ಸೆರಗು ಹಿಡಿದುಕೊಂಡಳು.

"ಅದು ಯಾರು?"

ಅತ್ತೆಯ ದನಿ. ಅಂಗಳಕ್ಕೆ ಗುರುತಿಲ್ಲದವರು ಬಂದಾಗ ಕೇಳುವ ರೀತಿ. ಅವರೊಬ್ಬರೇ ಮೂಡಣಕ್ಕೆ ಮುಖ ಮಾಡಿ ನಿಂತಿದ್ದರು.

"ಕೃತ್ತಿಕೆಯ ಪಕ್ಕ. ಅದು ಅಲ್ಲಿಯದ್ದಲ್ಲ."

ಎಲ್ಲರೂ ತಿರುಗಿದೆವು. ಕೃತ್ತಿಕೆಯ ಗೊಂಚಲಿನ ಪಕ್ಕದಲ್ಲೇ ಒಂದು ಬಿಳಿಯ ಚುಕ್ಕಿ, ಯಾವ ಅವಸರವೂ ಇಲ್ಲದೆ, ಕೊಣಾಜೆ ಕಲ್ಲಿನ ಹೆಬ್ಬಂಡೆಯ ಕಡೆಗೆ ಇಳಿದು ಹೋಗುತ್ತಿತ್ತು. ನಾವು ಸೂಟೆಯ ಬೆಳಕಿನಲ್ಲಿ ಚರ್ಚೆ ಮಾಡುತ್ತಿದ್ದಾಗಲೇ ಅದು ಪಡುವಣದಲ್ಲಿ ಮೂಡಿ, ನಮ್ಮ ತಲೆಗಳ ಮೇಲಿನಿಂದ ದಾಟಿ ಬಂದಿತ್ತು. ಅದು ಬಂಡೆಯ ಮೇಲೆ ಮಸುಕಾಗಿ ಇಲ್ಲವಾಗುವವರೆಗೆ ಯಾರೂ ಕೆಮ್ಮಲಿಲ್ಲ.

"ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?"

"ಮೂವತ್ತು ವರ್ಷ ಆಯ್ತು, ಇವುಗಳನ್ನು ನೋಡಿಯೇ ನಾನು ಬೆಳಗಿನ ಜಾವ ಏಳುವುದು. ಮನೆಗೆ ಗಡಿಯಾರ ಬಂದದ್ದು ನಿನ್ನ ಮದುವೆಗೆ. ನಮ್ಮವರ ಮಧ್ಯೆ ಹೊಸಬ ಬಂದರೆ ಗೊತ್ತಾಗುವುದಿಲ್ವಾ?"

ನಾನು ನಕ್ಷತ್ರಗಳನ್ನು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಕಲಿತವಳು. ಇಂಗ್ಲಿಷ್ ಹೆಸರು ಸಮೇತ.

ಮನೆಗೆ ಹೊರಟೆವು. ಸೂಟೆಗಳೆಲ್ಲ ಒದ್ದೆ, ಲಾಟೀನುಗಳು ತಂದವರ ಜೊತೆ ಹೋದವು. ಇರುವ ಒಂದು ಟಾರ್ಚಿನ ಹಿಂದೆ ನಾವೆಲ್ಲ ಸಾಲಾಗಿ ನಡೆದೆವು. ಮನೆಯ ಬೇಲಿಯ ತಡಮೆ ದಾಟುವಾಗ ಅತ್ತೆ ನಿಂತರು.

"ಆ ಬೋರ್ಡಿಂಗಿನಲ್ಲಿ ರಾತ್ರಿಯೂಟ ಏಳಕ್ಕಾ?"

ಅವರಿಗೆ ಗೊತ್ತಿಲ್ಲದ್ದೇನಲ್ಲ. "ಏಳಕ್ಕೆ ಅತ್ತೆ" ಎಂದೆ. ಸುಮತಿಯ ಹೆಜ್ಜೆಯ ಸದ್ದು ಹಿಂದೆ ನಿಂತುಹೋಯಿತು.

"ಅಮೆರಿಕದವನು ಅಷ್ಟು ಮೇಲಿಂದ ಅದನ್ನು ಹೇಳಿದ ಹೊತ್ತಿಗೆ ತರ್ತಾನೆ. ನಿನ್ನ ಕಾನ್ವೆಂಟಿನ ಮದರಿಗೆ ಒಂದು ಹುಡುಗಿಯ ಬಟ್ಟಲನ್ನು ಒಂದು ಗಂಟೆ ಮೊದಲು ತರ್ಲಿಕ್ಕೆ ಆಗುವುದಿಲ್ವಾ? ಬರೆದು ಕೇಳು."

ಮರುದಿನವೇ ಬರೆದೆ. ಸುಮತಿ ತಾನೇ ಓಡಿಹೋಗಿ ಅಂಚೆ ಡಬ್ಬಿಗೆ ಹಾಕಿ ಬಂದಳು. ಈಗ ದಿನಾ ಹನ್ನೊಂದು ಗಂಟೆಗೆ ಅತ್ತೆ, ಸೊಸೆ, ಮಗಳು ಮೂವರೂ ಏನೋ ಕೆಲಸವಿದ್ದವರಂತೆ ಜಗುಲಿಗೆ ಬರುತ್ತೇವೆ.

ನಕ್ಷತ್ರಕ್ಕೇ ಟೈಮ್ ಟೇಬಲ್ ಇರುವ ಕಾಲದಲ್ಲಿ, ನಮ್ಮ ಪೋಸ್ಟ್‌ಮ್ಯಾನಿಗೆ ಮಾತ್ರ ಯಾಕೆ ಇಲ್ಲ?