ಸುನಂದಾ ಕಾಕುವಿನ ಜಮಖಾನೆ

ನಾಲ್ಕು ದಿನದಿಂದ ನಮ್ಮ ಹಾಲ್‌ನ ಮೂಲೆಯಲ್ಲಿ ಒಂದು ಜಮಖಾನೆ ಮಡಚಿ ಕೂತಿದೆ. ಎರಡು ಮನೆ ಆಚೆಗಿನ ಸುನಂದಾ ಕಾಕುವಿನದು. ವಾಪಸ್ ಕೊಡಬೇಕು. ಕಾಲು ಏಳುತ್ತಿಲ್ಲ.

ನಿಪ್ಪಾಣಿಯ ನಮ್ಮ ಗಲ್ಲಿಯಲ್ಲಿ ಎಲ್ಲ ಥರದವರೂ ಇದ್ದೇವೆ. ಪಕ್ಕದಲ್ಲಿ ಜೈನರ ಪದ್ಮಕ್ಕ, ಎದುರಿಗೆ ಶಾಹೀನ್ ಭಾಭಿ, ಆಚೆಗೆ ಮರಾಠಿ ಮನೆಮಾತಿನ ಕಾಕು, ಅಂದರೆ ಚಿಕ್ಕಮ್ಮ. ಯಾರ ಮನೆಯಲ್ಲಿ ಏನೇ ಕಾರ್ಯವಿರಲಿ, ಕಾಕುವಿನ ಜಮಖಾನೆ ಬರಲೇಬೇಕು. (ಅಷ್ಟು ದೊಡ್ಡದು ಇನ್ಯಾರ ಹತ್ತಿರವೂ ಇಲ್ಲ.)

ಸಂಕ್ರಾಂತಿಯ ಅರಿಷಿಣ-ಕುಂಕುಮ ಈ ಸಲ ನಮ್ಮ ಮನೆಯಲ್ಲಿ. ಮುತ್ತೈದೆಯರನ್ನು ಕರೆದು, ಕುಂಕುಮ ಹಚ್ಚಿ, ಕುಸುರೆಳ್ಳು ಹಂಚಿ, ಕೈಗೊಂದು ಸ್ಟೀಲ್ ಬಟ್ಟಲು ಕೊಡುವುದು ವಾಡಿಕೆ. ಆದರೆ ದೀಪಾವಳಿಯ ಹೊತ್ತಿಗೆ ಕಾಕುವಿನ ಯಜಮಾನರು ತೀರಿಕೊಂಡರು. ಈಗ ಕಾಕುವನ್ನು ಕರೆಯಲೋ, ಬೇಡವೋ? ಕರೆದರೆ, ಬಂದವರು ಹಣೆ ನೋಡಿ ಪಿಸುಗುಟ್ಟಿದರೆ? ಕರೆಯದಿದ್ದರೆ?

"ಬ್ಯಾಡ್ರಿ. ಪಾಪ, ಮನಸಿಗಿ ತ್ರಾಸ ಆಕ್ಕೈತಿ," ಎಂದರು ಪದ್ಮಕ್ಕ.

ಶಾಹೀನ್ ಭಾಭಿ ಕೇಳಿದರು: "ನಾ ಎಲ್ಲೆ ಕುಂಕುಮ ಹಚ್ಕೋತೀನ್ರಿ? ಆದ್ರೂ ವರ್ಷಕ್ಕೊಂದ ಬಟ್ಲಾ ಹೊಡ್ಕೊಂಡ ಹೋಗ್ತೀನಲ್ಲ! ಅವ್ರಿಗಷ್ಟ ಯಾಕ ಈ ಕಾಯ್ದೆ?"

ಇಬ್ಬರದೂ ಸರಿ ಅನ್ನಿಸಿತು. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಸಾರಿ, ಥ್ಯಾಂಕ್ಯೂ, ಎಕ್ಸ್‌ಕ್ಯೂಸ್ ಮಿ ಎಲ್ಲ ಕಲಿಸಿದ್ದರು. ಇದಕ್ಕೇನು ಅನ್ನಬೇಕೆಂದು ಕಲಿಸಿರಲಿಲ್ಲ. ಕೊನೆಗೆ ಕರೆಯಲಿಲ್ಲ.

ಆದರೆ ರೂಢಿ ಎಂಬುದೊಂದಿದೆಯಲ್ಲ? ಆ ದಿನ ಮಧ್ಯಾಹ್ನ ನೆಲ ಒರೆಸಿದವಳೇ ಸೀದಾ ಕಾಕುವಿನ ಬಾಗಿಲಲ್ಲಿ ನಿಂತಿದ್ದೆ. "ಕಾಕು, ಜಮಖಾನೆ..." ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಕಾಕು ಟ್ರಂಕಿನ ಮೇಲಿಂದ ಅದನ್ನು ಇಳಿಸಿ, ಧೂಳು ಜಾಡಿಸಿ, ನನ್ನ ತೋಳಿಗೆ ಹೇರಿದರು.

"ತಗೋ ತಂಗಿ. ಇದು ಬಂದ್ರ ನಡೀತೈತಲ್ಲ?"

ನಕ್ಕರು. ಅದು ನಗೆಯೇ? ನನಗೆ ಈಗಲೂ ಗೊತ್ತಿಲ್ಲ.

"ನೀವೂ ಬರ್ರಿ, ಕಾಕು."

"ಒಲಿ ಮ್ಯಾಲ ಹಾಲ ಇಟ್ಟೀನಿ," ಎಂದು ಒಳಗೆ ಹೋದರು. (ಹಾಲಿನ ವಾಸನೆ ಬರುತ್ತಿರಲಿಲ್ಲ.)

ಸಂಜೆ ಎಲ್ಲರೂ ಬಂದರು. ಕಾಕುವಿನ ಜಮಖಾನೆಯ ಮೇಲೇ ಕೂತು ಎಳ್ಳು ಬಾಯಿಗೆ ಹಾಕಿಕೊಂಡು, ಸಿಹಿ ಸಿಹಿ ಮಾತಾಡೋಣ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ಕಾಕುವಿನ ಹೆಸರನ್ನು ಯಾರೂ ಎತ್ತಲಿಲ್ಲ.

ಮಡಚುವಾಗ ನೋಡಿದೆ. ನೀಲಿ ಪಟ್ಟಿಯ ಮೇಲೆ ಕುಂಕುಮದ ಕಲೆ. ತೊಳೆದು ಕೊಡಲೇ? ಕುಂಕುಮ ಅಳಿಸಿ ಕೊಟ್ಟಂತಾಗುತ್ತದೆ. ಹಾಗೇ ಕೊಡಲೇ? ಚುಚ್ಚಿದಂತಾಗುತ್ತದೆ.

ಜಮಖಾನೆಯ ಮೇಲೊಂದು ಬಟ್ಟಲು ಇಟ್ಟಿದ್ದೇನೆ. ಬಂದವರಿಗೆಲ್ಲ ಕೊಟ್ಟು ಉಳಿದದ್ದು. ಕರೆಯುವುದೇ ಬೇಡ ಎಂದುಕೊಂಡವಳು ಅದನ್ನು ಯಾರಿಗೆಂದು ತಂದಿದ್ದೆ?